ಬೆರಕೆ ನಾಯಿಯ ಡಿಎನ್‌ಎ ವರದಿಯನ್ನು ಓದುವ ಬಗೆ

ಬೆರಕೆ ನಾಯಿಯ ಡಿಎನ್‌ಎ ಪರೀಕ್ಷೆಯ ವರದಿ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಅದರ ಬಣ್ಣಬಣ್ಣದ ಚಕ್ರದ ಮೇಲೆ. ಲ್ಯಾಬ್ರಡಾರ್ ಇಷ್ಟು, ಜರ್ಮನ್ ಶೆಫರ್ಡ್ ಇಷ್ಟು, ಉಳಿದದ್ದು ಇನ್ನಾವುದೋ ಎಂದು ಶೇಕಡಾ ಲೆಕ್ಕದಲ್ಲಿ ಹಂಚಿ ತೋರಿಸುವ ಆ ಚಿತ್ರ ಎಷ್ಟು ಖಚಿತವಾಗಿ ಕಾಣುತ್ತದೆಂದರೆ, ಅದನ್ನು ಅಂದಾಜು ಎಂದು ಕರೆಯಲು ಮನಸ್ಸೇ ಬರುವುದಿಲ್ಲ. ಆದರೆ ಅದು ಅಂದಾಜೇ. ಅದೇ ವರದಿಯ ಒಳಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿರುವ ಕೆಲವು ಸಾಲುಗಳು ಅಂದಾಜಲ್ಲ. ನಾಯಿಯ ಡಿಎನ್‌ಎಯನ್ನು ನೇರವಾಗಿ ಓದಿ ಬರೆದ ಸಂಗತಿಗಳು. ನಮ್ಮ ಮನೆಯ ರಾಣಿಯ ವರದಿಯನ್ನು ಹಲವು ಬಾರಿ ತಿರುವಿ ನೋಡಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರಿದ್ದು ಈ ವ್ಯತ್ಯಾಸ. ದೊಡ್ಡದಾಗಿ ಅಚ್ಚಾದದ್ದೇ ಹೆಚ್ಚು ನಿಜ ಎಂದು ತಿಳಿಯುವವರು ಬಹಳ ಮಂದಿ ಇರುವುದರಿಂದ ಇದನ್ನು ಕೊಂಚ ವಿವರವಾಗಿ ಬರೆಯುತ್ತಿದ್ದೇನೆ.

ರಾಣಿ ಮಧ್ಯಮ ಗಾತ್ರದ ಹೆಣ್ಣುನಾಯಿ. ಮೈಯೆಲ್ಲ ಕಪ್ಪು, ಎರಡು ಹುಬ್ಬುಗಳ ಮೇಲೆ, ಮೂತಿಯ ಇಕ್ಕೆಲಗಳಲ್ಲಿ, ಎದೆಯಲ್ಲಿ ಮತ್ತು ನಾಲ್ಕೂ ಕಾಲುಗಳ ತುದಿಯಲ್ಲಿ ಕಂದು ಮಚ್ಚೆ. ಒಂದು ಕಿವಿ ಸದಾ ನೆಟ್ಟಗಿರುತ್ತದೆ, ಇನ್ನೊಂದು ಅರ್ಧಕ್ಕೆ ಮಡಿಚಿಕೊಂಡಿರುತ್ತದೆ. ಅವಳನ್ನು ಮರಿಯಾಗಿದ್ದಾಗ ತಂದವರಾದ್ದರಿಂದ ತಾಯಿಯನ್ನು ನಾವು ನೋಡಿದ್ದೇವೆ. ಅದು ತಲೆಯಿಂದ ಬಾಲದವರೆಗೆ ಒಂದೇ ತೆರನಾದ ಕೆಂಚು ನಾಯಿ. ತಂದೆ ಯಾರೆಂಬುದು ಯಾರಿಗೂ ತಿಳಿಯದು. ರಾಣಿಯನ್ನು ಕಂಡವರೆಲ್ಲ ಡೋಬರ್‌ಮನ್ ಬೆರಕೆ ಎನ್ನುತ್ತಾರೆ. ಅವಳು ಸ್ವಲ್ಪ ಮೈಕೈ ತುಂಬಿಕೊಂಡಾಗ ಅದೇ ಜನ ರಾಟ್‌ವೈಲರ್ ಎನ್ನುತ್ತಾರೆ. ವರದಿಯಲ್ಲಿ ಈ ಎರಡು ಹೆಸರುಗಳ ಸುಳಿವೇ ಇಲ್ಲ. ಲ್ಯಾಬ್ರಡಾರ್ ಶೇ. 31, ಜರ್ಮನ್ ಶೆಫರ್ಡ್ ಶೇ. 22, ಡ್ಯಾಶ್‌ಹೌಂಡ್ ಶೇ. 12, ಹಳ್ಳಿನಾಯಿ ಎಂಬ ಗುಂಪಿನ ಪಾಲು ಶೇ. 24, ಉಳಿದ ಚೂರುಪಾರು ಯಾವುದೆಂದು ಬಿಡಿಸಲಾಗದ್ದು ಎಂದು ಅದು ಹೇಳುತ್ತದೆ.

ಕಣ್ಣಂದಾಜು ಹೀಗೆ ತಪ್ಪುವುದು ಅಪರೂಪವಲ್ಲ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಆಶ್ರಯಧಾಮಗಳ 900ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎಯನ್ನು ಪರೀಕ್ಷಿಸಿ, ಅಲ್ಲಿನ ಸಿಬ್ಬಂದಿ ನೋಡಿ ಬರೆದಿದ್ದ ತಳಿಯ ಹೆಸರುಗಳೊಡನೆ ಹೋಲಿಸಿದರು. ದಿನವೂ ನಾಯಿಗಳ ನಡುವೆಯೇ ಇರುವ ಆ ಸಿಬ್ಬಂದಿ ಒಂದು ತಳಿಯನ್ನಾದರೂ ಸರಿಯಾಗಿ ಹೆಸರಿಸಿದ್ದು ಸುಮಾರು ಮೂರನೇ ಎರಡರಷ್ಟು ನಾಯಿಗಳಲ್ಲಿ. ಒಂದಕ್ಕಿಂತ ಹೆಚ್ಚು ತಳಿಗಳನ್ನು ಸರಿಯಾಗಿ ಗುರುತಿಸಿದ್ದು ಹತ್ತರಲ್ಲಿ ಒಂದರಷ್ಟರಲ್ಲಿ ಮಾತ್ರ. ಇದಕ್ಕೆ ಕಾರಣ ಅವರ ಅಜ್ಞಾನವಲ್ಲ, ನಾಯಿಯ ಮೈಕಟ್ಟಿನ ಸ್ವಭಾವವೇ ಹಾಗೆ. ನಾವು ತಳಿಯನ್ನು ಗುರುತಿಸಲು ನೆಚ್ಚಿಕೊಳ್ಳುವ ಲಕ್ಷಣಗಳನ್ನು ಬೆರಳೆಣಿಕೆಯ ವಂಶವಾಹಿಗಳು ನಿಯಂತ್ರಿಸುತ್ತವೆ. ಕೂದಲು ಉದ್ದವೋ ಗಿಡ್ಡವೋ, ಗುಂಗುರೋ ನೇರವೋ, ಮೂತಿಯ ಮೇಲೆ ಮೀಸೆ ಇದೆಯೋ ಇಲ್ಲವೋ ಎಂಬುದರ ಬಹುಪಾಲು ಮೂರೇ ವಂಶವಾಹಿಗಳ ಆಟವೆಂದು 2009ರಲ್ಲಿ ತಿಳಿದುಬಂತು. ಡ್ಯಾಶ್‌ಹೌಂಡಿನ ಗಿಡ್ಡ ಕಾಲುಗಳಿಗೆ ಕಾರಣ ಎಫ್‌ಜಿಎಫ್4 ಎಂಬ ವಂಶವಾಹಿಯ ಒಂದು ಹೆಚ್ಚುವರಿ ಪ್ರತಿ. ಪುಟ್ಟ ಗಾತ್ರದ ನಾಯಿಗಳಲ್ಲಿ ಐಜಿಎಫ್1 ಎಂಬ ವಂಶವಾಹಿಯ ಒಂದೇ ರೂಪ ಮತ್ತೆ ಮತ್ತೆ ಕಾಣಿಸುತ್ತದೆ. ಆದ್ದರಿಂದ ಒಂದು ಪೂರ್ವಜ ತಳಿಯ ಎರಡು-ಮೂರು ತುಣುಕುಗಳಷ್ಟೇ ಉಳಿದ ನಾಯಿ ಪೂರ್ತಿ ಆ ತಳಿಯಂತೆಯೇ ಕಾಣಬಹುದು. ಅದೇ ತಳಿಯ ಪಾಲು ಅರ್ಧದಷ್ಟಿದ್ದರೂ ಆ ಕೆಲವೇ ತುಣುಕುಗಳು ಕೈತಪ್ಪಿದ್ದರೆ ಅದರ ಛಾಯೆಯೂ ಇಲ್ಲದಿರಬಹುದು. ರಾಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಲ್ಯಾಬ್ರಡಾರಿನದು, ಆದರೆ ಅವಳ ಮೈಮೇಲೆ ಅದನ್ನು ಯಾರೂ ಕಂಡವರಿಲ್ಲ.

ಮಾದರಿ ತೆಗೆಯುವ ಕೆಲಸ ಸುಲಭವೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ನಾಯಿ ಒಪ್ಪಿದರೆ ಸುಲಭವೇ. ಕೊಡುವ ಕಡ್ಡಿಯ ತುದಿಯಲ್ಲಿ ಸಣ್ಣ ಬ್ರಷ್ಷೋ ಸ್ಪಂಜೋ ಇರುತ್ತದೆ. ಅದನ್ನು ಕೆನ್ನೆಯ ಒಳಭಾಗಕ್ಕೂ ಒಸಡಿಗೂ ನಡುವೆ ಇಟ್ಟು ಅರ್ಧದಿಂದ ಒಂದು ನಿಮಿಷದವರೆಗೆ ತಿರುಗಿಸುತ್ತ ಉಜ್ಜಬೇಕು. ನಿಜವಾಗಿ ಬೇಕಾಗಿರುವುದು ಜೊಲ್ಲಲ್ಲ, ಕೆನ್ನೆಯ ಒಳಪದರದಿಂದ ಕಳಚಿಕೊಳ್ಳುವ ಜೀವಕೋಶಗಳು. ಜೊಲ್ಲು ಅವುಗಳನ್ನು ಹೊತ್ತು ತರುವ ನೀರು ಅಷ್ಟೇ. ರಾಣಿಗೆ ಕಡ್ಡಿ ಎಂದರೆ ಅಗಿಯುವ ವಸ್ತು. ಎದುರು ನಿಂತು ಬಾಯಿ ತೆರೆಸಲು ಹೋದರೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಾಲ ಆಡಿಸುತ್ತಾಳೆ. ಅವಳ ಪಕ್ಕದಲ್ಲಿ ಕುಳಿತು, ತುಟಿಯ ಮೂಲೆಯನ್ನು ಎರಡು ಬೆರಳಿನಿಂದ ಹಿಂದಕ್ಕೆ ಎಳೆದು, ಹಲ್ಲುಗಳ ಹೊರಬದಿಯಲ್ಲೇ ಕಡ್ಡಿಯನ್ನು ಹಿಂದಕ್ಕೆ ಜಾರಿಸಿದಾಗ ಬಾಯಿ ತೆರೆಸುವ ಅಗತ್ಯವೇ ಬೀಳಲಿಲ್ಲ. ಕಣ್ಣನ್ನು ಓರೆ ಮಾಡಿ ನನ್ನನ್ನೇ ನೋಡುತ್ತ ಸುಮ್ಮನಿದ್ದಳು. ಆಮೇಲೆ ಕಡ್ಡಿಯ ತುದಿಯನ್ನು ಎಲ್ಲಿಯೂ ತಾಗಿಸದೆ ನೇರವಾಗಿ ನಳಿಕೆಯ ದ್ರವದೊಳಗೆ ಇಳಿಸಬೇಕು. ಕೆಲವು ಕಿಟ್‌ಗಳಲ್ಲಿ ದ್ರವದ ಬದಲು ಕಡ್ಡಿಯನ್ನು ಒಣಗಿಸಿ ಕಳಿಸಲು ಹೇಳುತ್ತಾರೆ.

ಮಾದರಿ ಕೆಡುವುದಿದ್ದರೆ ಅದು ಹೆಚ್ಚಾಗಿ ಇಲ್ಲಿಯೇ. ಊಟವಾದ ಕೂಡಲೇ ತೆಗೆದ ಮಾದರಿಯಲ್ಲಿ ನಾಯಿ ತಿಂದ ಮಾಂಸದ ಡಿಎನ್‌ಎ ಇರಬಹುದು. ಇನ್ನೊಂದು ನಾಯಿಯೊಡನೆ ಒಂದೇ ಬಟ್ಟಲಲ್ಲಿ ನೀರು ಕುಡಿದಿದ್ದರೆ, ಮೂತಿ ನೆಕ್ಕಿಸಿಕೊಂಡಿದ್ದರೆ, ಆ ನಾಯಿಯ ಕೋಶಗಳೂ ಬೆರೆಯಬಹುದು. ಹಾಲು ಕುಡಿಯುವ ಮರಿಯ ಬಾಯಲ್ಲಿ ತಾಯಿಯ ಕೋಶಗಳಿರುತ್ತವೆ. ಮನೆಯಲ್ಲಿ ಎರಡು ನಾಯಿಗಳಿದ್ದರೆ ಸ್ವಲ್ಪ ಹೊತ್ತು ಬೇರೆ ಬೇರೆ ಕೋಣೆಯಲ್ಲಿಟ್ಟು, ಏನೂ ತಿನ್ನಿಸದೆ, ಆಮೇಲೆ ಮಾದರಿ ತೆಗೆಯುವುದು ಒಳ್ಳೆಯದು.

ಪ್ರಯೋಗಾಲಯದಲ್ಲಿ ನಡೆಯುವುದೇನು ಎಂದು ತಿಳಿದಿದ್ದರೆ ವರದಿಯ ಮಿತಿ ತಾನಾಗಿ ಅರ್ಥವಾಗುತ್ತದೆ. ನಾಯಿಗೆ 39 ಜೊತೆ, ಅಂದರೆ 78 ವರ್ಣತಂತುಗಳಿವೆ. ಪ್ರತಿ ಜೊತೆಯಿಂದ ಒಂದೊಂದನ್ನು ತೆಗೆದುಕೊಂಡು ಎಣಿಸಿದರೆ ಸುಮಾರು 240 ಕೋಟಿ ರಾಸಾಯನಿಕ ಅಕ್ಷರಗಳಿವೆ. ಟಾಶಾ ಎಂಬ ಹೆಣ್ಣು ಬಾಕ್ಸರ್ ನಾಯಿಯ ಈ ಅಕ್ಷರಮಾಲೆಯನ್ನು 2005ರಲ್ಲಿ ಪ್ರಕಟಿಸಿದಾಗ ನಾಯಿಯ ಇಡೀ ಜೀನೋಮ್ ಮೊದಲ ಬಾರಿಗೆ ಉತ್ತಮ ಗುಣಮಟ್ಟದಲ್ಲಿ ಕೈಗೆ ಸಿಕ್ಕಿತು. ಅದಕ್ಕೂ ಒಂದು ವರ್ಷ ಮುಂಚೆ, 85 ತಳಿಗಳ 414 ನಾಯಿಗಳಲ್ಲಿ ಡಿಎನ್‌ಎಯ 96 ಗುರುತುಗಳನ್ನಷ್ಟೇ, ಅಂದರೆ ನಾಯಿಯಿಂದ ನಾಯಿಗೆ ಬದಲಾಗುವ ಜಾಗಗಳನ್ನಷ್ಟೇ ನೋಡಿ, ಶೇ. 99ರಷ್ಟು ನಾಯಿಗಳನ್ನು ಅವುಗಳ ತಳಿಗೆ ಸರಿಯಾಗಿ ಸೇರಿಸಬಹುದೆಂದು ಸಂಶೋಧಕರು ತೋರಿಸಿದ್ದರು. ಮನೆಯಲ್ಲೇ ಮಾಡುವ ಪರೀಕ್ಷೆಗಳೆಲ್ಲ ನಿಂತಿರುವುದು ಈ ಕಂಡುಕೊಳ್ಳುವಿಕೆಯ ಮೇಲೆ. ಇಂದಿನ ಒಳ್ಳೆಯ ಪರೀಕ್ಷೆಗಳು ಜೀನೋಮಿನ ಎಲ್ಲ ಅಕ್ಷರಗಳನ್ನೂ ಓದುವುದಿಲ್ಲ. ನಾಯಿಯಿಂದ ನಾಯಿಗೆ ವ್ಯತ್ಯಾಸವಾಗುವ ಜಾಗಗಳನ್ನು ಆರಿಸಿ, ಕೆಲವು ಸೇವೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜಾಗಗಳನ್ನು, ಡಿಎನ್‌ಎ ಚಿಪ್ ಎಂಬ ಪುಟ್ಟ ಫಲಕದ ನೆರವಿನಿಂದ ಓದುತ್ತವೆ. ಆಮೇಲೆ ಗಣಕವು ಪ್ರತಿ ವರ್ಣತಂತುವನ್ನೂ ತುಂಡುತುಂಡಾಗಿ ತೆಗೆದುಕೊಂಡು, ಆ ತುಂಡಿನ ಅಕ್ಷರಗಳ ಸಾಲು ತಮ್ಮ ಸಂಗ್ರಹದಲ್ಲಿರುವ ಯಾವ ತಳಿಯ ನಾಯಿಗಳ ಸಾಲಿಗೆ ಹೆಚ್ಚು ಹೊಂದುತ್ತದೆಂದು ಹುಡುಕುತ್ತದೆ. ಎಲ್ಲ ತುಂಡುಗಳ ಉತ್ತರವನ್ನು ಕೂಡಿಸಿದಾಗ ಸಿಗುವುದೇ ಆ ಬಣ್ಣದ ಚಕ್ರ.

ತಳಿಗಳು ಹೀಗೆ ಡಿಎನ್‌ಎಯಲ್ಲಿ ಎದ್ದು ಕಾಣುವುದಕ್ಕೂ ಒಂದು ಚಾರಿತ್ರಿಕ ಕಾರಣವಿದೆ. ಇಂದು ನಾವು ತಳಿ ಎನ್ನುವುದರ ಬಹುಪಾಲು ರೂಪುಗೊಂಡದ್ದು ಕಳೆದ ಒಂದೂವರೆ-ಎರಡು ಶತಮಾನಗಳಲ್ಲಿ. ತಳಿನಾಯಿಗಳ ವಂಶವನ್ನು ದಾಖಲಿಸುವ ಇಂಗ್ಲೆಂಡಿನ ಕೆನಲ್ ಕ್ಲಬ್ 1873ರಲ್ಲಿ, ಅಮೆರಿಕದ್ದು 1884ರಲ್ಲಿ ಆರಂಭವಾದ ಮೇಲೆ, ದಾಖಲೆ ಪುಸ್ತಕದಲ್ಲಿ ಹೆಸರಿರುವ ನಾಯಿಗಳ ನಡುವೆ ಮಾತ್ರ ಸಂತಾನ ಬೆಳೆಸುವ ಪದ್ಧತಿ ಗಟ್ಟಿಯಾಯಿತು. ಕೆಲವೇ ಮೂಲನಾಯಿಗಳ ವಂಶ ತನ್ನೊಳಗೇ ಸುತ್ತುತ್ತ ಹೋದಾಗ ಆ ತಳಿಯ ವರ್ಣತಂತುಗಳಲ್ಲಿ ಉದ್ದುದ್ದದ ಸಾಲುಗಳು ಒಂದೇ ಬಗೆಯಾಗಿ ಉಳಿದವು. ಹಾಗೆ ಉಳಿಯದಿದ್ದರೆ ಗಣಕಕ್ಕೆ ಹಿಡಿದುಕೊಳ್ಳಲು ಏನೂ ಇರುತ್ತಿರಲಿಲ್ಲ.

ಬೀದಿಯ ನಾಯಿಗಳ ವಿಷಯದಲ್ಲಿ ಪರೀಕ್ಷೆ ಎಡವುವುದೂ ಇದೇ ಕಾರಣಕ್ಕೆ. ಮನುಷ್ಯನ ಊರುಕೇರಿಗಳ ಅಂಚಿನಲ್ಲಿ ತಮ್ಮಷ್ಟಕ್ಕೆ ಬದುಕುವ ನಾಯಿಗಳು ಅನೇಕ ತಳಿಗಳ ಬೆರಕೆಯಲ್ಲ. ಅವುಗಳ ವಂಶ ಯಾವ ದಾಖಲೆ ಪುಸ್ತಕಕ್ಕೂ ಎಂದೂ ಸೇರಿದ್ದಲ್ಲ. ಅವುಗಳ ವೈವಿಧ್ಯ ತಳಿನಾಯಿಗಳದ್ದಕ್ಕಿಂತ ಹೆಚ್ಚು, ಹಳೆಯದು. ಸಂಗ್ರಹದಲ್ಲಿ ಇಂಥ ನಾಯಿಗಳ ಮಾದರಿಗಳೇ ಇಲ್ಲದಿದ್ದರೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನನ್ನು ಪಕ್ಕದವನ ಹೆಸರಿನಿಂದ ಕೂಗುವ ಮೇಷ್ಟರಂತೆ, ಗಣಕವು ಪ್ರತಿ ತುಂಡಿಗೂ ಹತ್ತಿರದ ಯಾವುದೋ ತಳಿಯ ಹೆಸರನ್ನು ಅಂಟಿಸುತ್ತದೆ. ಆಗ ಬೀದಿಯಲ್ಲಿ ಹುಟ್ಟಿದ ನಾಯಿಯ ವರದಿಯಲ್ಲಿ ದೂರದ ದೇಶಗಳ ಹತ್ತು ಹದಿನೈದು ತಳಿಗಳು ಶೇ. 3, ಶೇ. 4 ಎಂದು ಸಾಲುಗಟ್ಟುತ್ತವೆ. ಅಂಥ ವರದಿಯನ್ನು ಕಂಡರೆ ಆ ನಾಯಿಗೆ ಅಷ್ಟೊಂದು ಪೂರ್ವಜರಿದ್ದರು ಎಂದುಕೊಳ್ಳುವ ಬದಲು, ಅದರ ನಿಜವಾದ ಪೂರ್ವಜರು ಸಂಗ್ರಹದಲ್ಲಿಲ್ಲ ಎಂದು ಓದುವುದೇ ಸರಿ. ಕಿಟ್ ಕೊಳ್ಳುವ ಮೊದಲು ಆ ಸೇವೆಯ ತಳಿಗಳ ಪಟ್ಟಿಯಲ್ಲಿ ಹಳ್ಳಿನಾಯಿ ಅಥವಾ ಬೀದಿನಾಯಿ ಎಂಬ ಗುಂಪು ಇದೆಯೇ, ಇದ್ದರೆ ಯಾವ ಪ್ರದೇಶಗಳದ್ದು ಎಂದು ನೋಡಿಕೊಳ್ಳುವುದು ತಳಿಗಳ ಒಟ್ಟು ಸಂಖ್ಯೆಯನ್ನು ನೋಡುವುದಕ್ಕಿಂತ ಉಪಯುಕ್ತ.

ಶೇಕಡಾ ಲೆಕ್ಕದಿಂದ ಪೂರ್ವಜರನ್ನು ಎಣಿಸಲು ಹೊರಡುವವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಎಂಬುದು ಮಾತ್ರ ಕಟ್ಟುನಿಟ್ಟಾದ ನಿಯಮ. ಅಜ್ಜ-ಅಜ್ಜಿಯರಿಂದ ತಲಾ ಕಾಲುಭಾಗ ಎಂಬುದು ಸರಾಸರಿಯ ಮಾತು, ಏಕೆಂದರೆ ಪ್ರತಿ ತಲೆಮಾರಿನಲ್ಲೂ ವರ್ಣತಂತುಗಳು ಅಲ್ಲಲ್ಲಿ ಮುರಿದು ಅದಲುಬದಲಾಗಿ ಜೋಡಣೆಯಾಗುತ್ತವೆ ಮತ್ತು ಯಾವ ತುಂಡು ಯಾವ ಮರಿಗೆ ಹೋಗುತ್ತದೆಂಬುದು ಆಕಸ್ಮಿಕ. ಮುತ್ತಜ್ಜನ ಪಾಲು ಸರಾಸರಿ ಶೇ. 12.5 ಆದರೂ ಒಂದು ಮರಿಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ, ಇನ್ನೊಂದರಲ್ಲಿ ಸಾಕಷ್ಟು ಹೆಚ್ಚು ಇರಬಹುದು. ಆದ್ದರಿಂದ ಶೇ. 12 ಡ್ಯಾಶ್‌ಹೌಂಡ್ ಎಂದರೆ ರಾಣಿಯ ಮುತ್ತಜ್ಜಂದಿರಲ್ಲಿ ಒಬ್ಬ ಡ್ಯಾಶ್‌ಹೌಂಡ್ ಇದ್ದನೆಂದೇ ಅರ್ಥವಲ್ಲ. ಎರಡು ಡ್ಯಾಶ್‌ಹೌಂಡ್ ಬೆರಕೆಗಳಿದ್ದರೂ ಅದೇ ಸಂಖ್ಯೆ ಬರಬಹುದು. ತಲೆಮಾರು ಕಳೆದಂತೆ ತುಂಡುಗಳು ಚಿಕ್ಕದಾಗುತ್ತವೆ, ಚಿಕ್ಕ ತುಂಡು ಹಲವು ತಳಿಗಳಿಗೆ ಒಂದೇ ಸಮನಾಗಿ ಹೊಂದುತ್ತದೆ. ಶೇ. 5ಕ್ಕಿಂತ ಕೆಳಗಿನ ಹೆಸರುಗಳನ್ನು ನಾನು ಓದಿ ನಕ್ಕು ಬಿಟ್ಟುಬಿಡುತ್ತೇನೆ.

ಇನ್ನು ಬಣ್ಣದ ಪುಟ. ನನಗೆ ಇಡೀ ವರದಿಯಲ್ಲಿ ಅತ್ಯಂತ ರಸವತ್ತಾಗಿ ಕಂಡದ್ದು ಇದೇ. ಹುಬ್ಬಿನ ಮೇಲೆ ಕಂದು ಚುಕ್ಕೆಯಿರುವ ಕಪ್ಪು ನಾಯಿಯ ಬಣ್ಣವನ್ನು ನಿರ್ಧರಿಸುವುದು ಅಗೌಟಿ ಎಂಬ ವಂಶವಾಹಿಯ ಒಂದು ರೂಪ. ಅದು ಹಿಂಜರಿಯುವ ರೂಪ; ಕೆಂಚು ಬಣ್ಣ ತರುವ ರೂಪ ಪಕ್ಕದಲ್ಲಿದ್ದರೆ ತಾನು ಮರೆಯಾಗಿ ಕೂರುತ್ತದೆ. ಹಾಗಾಗಿ ಕಂದು ಮಚ್ಚೆ ಕಾಣಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳೂ ಆ ರೂಪದವೇ ಆಗಿರಬೇಕು. ಅದರ ಜೊತೆಗೆ, ಮೈಯೆಲ್ಲ ಕಪ್ಪಾಗಿಸುವ ಇನ್ನೊಂದು ಪ್ರಬಲ ವಂಶವಾಹಿ ರೂಪ ಇರಕೂಡದು. ಇದ್ದರೆ ಅದು ಎಲ್ಲವನ್ನೂ ಕಪ್ಪು ಹೊದಿಕೆಯಿಂದ ಮುಚ್ಚಿಬಿಡುತ್ತದೆ. ರಾಣಿಯ ವರದಿಯಲ್ಲಿ ಕಂದು ಮಚ್ಚೆಯ ಎರಡು ಪ್ರತಿಗಳಿವೆ, ಪ್ರಬಲ ಕಪ್ಪಿನ ಪ್ರತಿ ಒಂದೂ ಇಲ್ಲ. ಅಂದರೆ ತಲೆಯಿಂದ ಬಾಲದವರೆಗೆ ಕೆಂಚಾಗಿದ್ದ ಆ ತಾಯಿನಾಯಿ ತನ್ನ ಮೈಮೇಲೆ ಒಂದು ಚುಕ್ಕೆಯಷ್ಟೂ ತೋರದ ಮಚ್ಚೆಯ ಪ್ರತಿಯನ್ನು ಒಳಗೆ ಹೊತ್ತುಕೊಂಡಿತ್ತು. ಆ ಸೂಲಿನ ಉಳಿದ ಮರಿಗಳಲ್ಲಿ ಕೆಂಚು ಮರಿಗಳೂ ಇದ್ದದ್ದು ಇದಕ್ಕೆ ಹೊಂದುತ್ತದೆ. ಈ ರೂಪ ಡೋಬರ್‌ಮನ್‌ನಲ್ಲಿ ಮಾತ್ರವಲ್ಲ, ಡ್ಯಾಶ್‌ಹೌಂಡ್, ಜರ್ಮನ್ ಶೆಫರ್ಡ್ ಮುಂತಾದ ಅನೇಕ ತಳಿಗಳಲ್ಲೂ ಇದೆ; ಲ್ಯಾಬ್ರಡಾರ್‌ಗಳಲ್ಲೂ ಕಪ್ಪು ಹೊದಿಕೆಯ ಕೆಳಗೆ ಅಡಗಿರುತ್ತದೆ. ಡೋಬರ್‌ಮನ್ ಇಲ್ಲದೆ ಡೋಬರ್‌ಮನ್ ಬಣ್ಣ ಹೇಗೆ ಬಂತೆಂಬ ಪ್ರಶ್ನೆಗೆ ಇಷ್ಟು ಸಾಕು. ಮುಖ್ಯವಾದ ಸಂಗತಿಯೆಂದರೆ, ಈ ಪುಟದಲ್ಲಿ ಹೋಲಿಕೆಯ ಲೆಕ್ಕಾಚಾರವಿಲ್ಲ. ಗೊತ್ತಾದ ಒಂದು ಜಾಗದಲ್ಲಿ ಯಾವ ಅಕ್ಷರವಿದೆ ಎಂದು ನೋಡಿ ಬರೆದದ್ದು ಮಾತ್ರ.

ಅದೇ ಬಗೆಯ ನೇರ ಓದು ಆರೋಗ್ಯದ ಪುಟದಲ್ಲೂ ಇದೆ, ಮತ್ತು ಪರೀಕ್ಷೆಗೆ ಹಣ ಕೊಟ್ಟದ್ದು ಸಾರ್ಥಕವಾದದ್ದು ಅಲ್ಲಿ ಎಂದು ನನ್ನ ಅಭಿಪ್ರಾಯ. ಎಂಡಿಆರ್1 ಎಂಬ ವಂಶವಾಹಿಯಲ್ಲಿ ನಾಲ್ಕು ಅಕ್ಷರಗಳು ಬಿಟ್ಟುಹೋಗುವ ಒಂದು ದೋಷವಿದೆ. ಈ ವಂಶವಾಹಿ ತಯಾರಿಸುವ ಪ್ರೋಟೀನು ಕೆಲವು ಔಷಧಗಳನ್ನು ಮಿದುಳಿನಿಂದ ಹೊರಕ್ಕೆ ತಳ್ಳುವ ಪಂಪು. ಅದು ಕೆಟ್ಟಾಗ ಸಾಮಾನ್ಯ ನಾಯಿ ಅರಗಿಸಿಕೊಳ್ಳುವ ಪ್ರಮಾಣವೇ ವಿಷವಾಗುತ್ತದೆ. ಕಜ್ಜಿಗೆ ಕೊಡುವ ಹೆಚ್ಚಿನ ಪ್ರಮಾಣದ ಐವರ್ಮೆಕ್ಟಿನ್, ಭೇದಿಗೆ ಕೊಡುವ ಲೋಪೆರಮೈಡ್, ಮಂಪರಿಗಾಗಿ ಕೊಡುವ ಅಸೆಪ್ರೊಮಜೀನ್, ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಇವೆಲ್ಲ ಆ ಪಟ್ಟಿಯಲ್ಲಿವೆ. ಕುರಿ ಕಾಯುವ ಕೋಲಿ ತಳಿಯ ನಾಯಿಗಳು ಐವರ್ಮೆಕ್ಟಿನ್‌ನಿಂದ ನಡುಕ, ತೂರಾಟ, ಕೋಮಾಕ್ಕೆ ಈಡಾಗುವುದು ಮೊದಲೇ ಗೊತ್ತಿತ್ತು. ಅದರ ಹಿಂದಿನ ಈ ದೋಷವನ್ನು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು. ದನ-ಕುರಿ ಕಾಯುವ ತಳಿಗಳಲ್ಲಿ ಇದು ಹೆಚ್ಚು. ಜರ್ಮನ್ ಶೆಫರ್ಡ್‌ಗಳಲ್ಲೂ ಅಲ್ಪಸ್ವಲ್ಪ ಇದೆ. ರಾಣಿಯಲ್ಲಿ ದೋಷದ ಒಂದು ಪ್ರತಿಯಿದೆ. ಎರಡು ಪ್ರತಿಗಳಿರುವ ನಾಯಿಯಷ್ಟು ಅಪಾಯ ಅವಳಿಗಿಲ್ಲವಾದರೂ, ಕೆಲವು ಔಷಧಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಡಬೇಕೆಂದು ಪಶುವೈದ್ಯರು ಅವಳ ಕಡತದ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದಿಟ್ಟರು. ಕೋಲಿಯ ಹೋಲಿಕೆ ಎಳ್ಳಷ್ಟೂ ಇಲ್ಲದ ಕಪ್ಪು ನಾಯಿಯಲ್ಲಿ ಇದನ್ನು ಯಾರೂ ಊಹಿಸುತ್ತಿರಲಿಲ್ಲ.

ಆರೋಗ್ಯ ಪುಟದ ಎಲ್ಲ ಸಾಲುಗಳೂ ಈ ತೂಕದವಲ್ಲ. ಬೆನ್ನುಹುರಿ ನಿಧಾನವಾಗಿ ಸವೆದು ಹಿಂಗಾಲುಗಳ ಬಲ ಉಡುಗುವ ಕಾಯಿಲೆಗೆ ಸಂಬಂಧಿಸಿದ ಎಸ್‌ಒಡಿ1 ವಂಶವಾಹಿಯ ದೋಷವನ್ನೂ ಅಲ್ಲಿ ಪರೀಕ್ಷಿಸಿರುತ್ತಾರೆ; ಅದರ ಎರಡು ಪ್ರತಿಗಳಿದ್ದರೂ ಅನೇಕ ನಾಯಿಗಳು ಆ ಕಾಯಿಲೆಯನ್ನು ಕಾಣದೆಯೇ ಮುದಿಯಾಗುತ್ತವೆ. ಅಕ್ಷರವನ್ನು ಸರಿಯಾಗಿ ಓದಿರುವುದು ಬೇರೆ, ಆ ಅಕ್ಷರದಿಂದ ಮುಂದೇನಾಗುತ್ತದೆಂದು ಹೇಳುವುದು ಬೇರೆ. ಮುದಿತನದಲ್ಲಿ ಬರಬಹುದಾದ ಕಾಯಿಲೆಯ ಹೆಸರು ನೋಡಿ ಗಾಬರಿಯಾದವರು ಮೊದಲು ಪಶುವೈದ್ಯರಿಗೆ ಆ ಪುಟವನ್ನು ತೋರಿಸಬೇಕು.

ಸ್ವಭಾವದ ವಿಷಯದಲ್ಲಂತೂ ಚಕ್ರದ ಕಡೆ ನೋಡುವುದೇ ಬೇಡ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 18,385 ನಾಯಿಗಳ ಬಗ್ಗೆ ಸಾಕಿದವರು ಕೊಟ್ಟ ಉತ್ತರಗಳನ್ನು, 2,155 ನಾಯಿಗಳ ಡಿಎನ್‌ಎ ಓದಿನೊಡನೆ ಇಟ್ಟು ನೋಡಿತು. ನಾಯಿ-ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ ಎಂಬುದು ಅದರ ತೀರ್ಮಾನ. ವರದಿ ಬಂದಂದಿನಿಂದ ನಮ್ಮ ಮನೆಯಲ್ಲಿ ರಾಣಿ ಮಣ್ಣು ಕೆದರಿದರೆ ಡ್ಯಾಶ್‌ಹೌಂಡ್ ರಕ್ತ, ಚೆಂಡು ತಂದುಕೊಟ್ಟರೆ ಲ್ಯಾಬ್ರಡಾರ್ ರಕ್ತ, ಗೇಟಿನ ಬಳಿ ಬೊಗಳಿದರೆ ಶೆಫರ್ಡ್ ರಕ್ತ. ವರದಿ ಬರುವ ಮುನ್ನವೂ ಅವಳು ಇದನ್ನೆಲ್ಲ ಮಾಡುತ್ತಿದ್ದಳು, ಆಗ ಅದಕ್ಕೆಲ್ಲ ಡೋಬರ್‌ಮನ್ ಕಾರಣವಾಗಿತ್ತು.

ಸೇವೆಯನ್ನು ಆರಿಸುವಾಗ ಎಚ್ಚರ ಬೇಕೆನ್ನುವುದಕ್ಕೆ ಆಧಾರವಿದೆ. ಅಮೆರಿಕದ ಸಂಶೋಧಕರು ದಾಖಲೆಯುಳ್ಳ 12 ಶುದ್ಧ ತಳಿಯ ನಾಯಿಗಳ ಮಾದರಿಗಳನ್ನು ಆರು ಸೇವೆಗಳಿಗೆ ಕಳಿಸಿ, ಫೋಟೋ ಕೇಳಿದ ಕಡೆ ಬೇಕೆಂದೇ ಬೇರೆ ನಾಯಿಯ ಫೋಟೋಗಳನ್ನೂ ಕೊಟ್ಟು ನೋಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹೆಚ್ಚಿನ ಸೇವೆಗಳು ದಾಖಲೆಗೆ ಹೊಂದುವ ಉತ್ತರ ಕೊಟ್ಟರೂ, ಒಂದರ ಉತ್ತರ ಡಿಎನ್‌ಎಗಿಂತ ಫೋಟೋದ ಕಡೆಗೇ ವಾಲಿದಂತಿತ್ತು. ಇನ್ನೊಂದು ಕಡೆ, ಸುದ್ದಿವಾಹಿನಿಯ ವರದಿಗಾರ್ತಿಯೊಬ್ಬರು ತಮ್ಮದೇ ಕೆನ್ನೆಯ ಮಾದರಿಯನ್ನು ಕಳಿಸಿದಾಗ ಒಂದು ಸೇವೆ ಅವರಲ್ಲಿ ಮ್ಯಾಲಮ್ಯೂಟ್ ತಳಿಯ ಪಾಲಿದೆ ಎಂದು ಉತ್ತರಿಸಿತ್ತು. ಕಿಟ್ ನೋಂದಾಯಿಸುವಾಗ ಫೋಟೋ ಹಾಕುವುದು ಐಚ್ಛಿಕವಾಗಿದ್ದರೆ ವರದಿ ಬರುವವರೆಗೆ ಹಾಕದಿರುವುದು ಕ್ಷೇಮ. ನಾಯಿಯ ತಳಿ ಯಾವುದೆಂದು ನಿಮಗನಿಸುತ್ತದೆ ಎಂಬ ಪ್ರಶ್ನೆಯನ್ನೂ ಖಾಲಿ ಬಿಡಬಹುದು. ಎಷ್ಟು ಗುರುತುಗಳನ್ನು ಓದುತ್ತಾರೆ, ಮೂಲ ದತ್ತಾಂಶವನ್ನು ಇಳಿಸಿಕೊಳ್ಳಲು ಬಿಡುತ್ತಾರೆಯೇ, ಯಾವ ತುಂಡು ಯಾವ ತಳಿಯದ್ದೆಂದು ವರ್ಣತಂತುಗಳ ಚಿತ್ರದಲ್ಲಿ ತೋರಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಆ ಕೊನೆಯದು ನಿಜಕ್ಕೂ ಕೇಳಿ ಪಡೆಯಬೇಕಾದದ್ದು. ರಾಣಿಯ ಚಿತ್ರದಲ್ಲಿ ಲ್ಯಾಬ್ರಡಾರಿನ ಬಣ್ಣ ಹೆಚ್ಚು ಕಡಿಮೆ ಪ್ರತಿ ಜೊತೆಯ ಒಂದೇ ಬದಿಯಲ್ಲಿದೆ, ಉದ್ದುದ್ದದ ಪಟ್ಟಿಗಳಾಗಿ. ಅಂದರೆ ಅದು ತಂದೆ-ತಾಯಿಯರಲ್ಲಿ ಒಬ್ಬರ ಕಡೆಯಿಂದ ಮಾತ್ರ, ಅದೂ ಹೆಚ್ಚು ತಲೆಮಾರುಗಳ ಹಿಂದೆ ಅಲ್ಲದೆ ಬಂದಿರಬೇಕು. ಶೆಫರ್ಡ್ ಬಣ್ಣ ಮಾತ್ರ ಕೆಲವು ಜೊತೆಗಳಲ್ಲಿ ಎರಡೂ ಬದಿಗೆ ಎದುರುಬದುರಾಗಿ ಕೂತಿದೆ. ಹಾಗಿರಬೇಕಾದರೆ ತಂದೆ, ತಾಯಿ ಇಬ್ಬರಲ್ಲೂ ಆ ತಳಿಯ ಅಂಶ ಇದ್ದಿರಬೇಕು. ಕೆಂಚು ತಾಯಿಯಲ್ಲೂ ಶೆಫರ್ಡ್ ಪಾಲಿತ್ತೆಂಬುದು ಚಕ್ರದ ಶೇ. 22ರಿಂದ ಎಂದೂ ತಿಳಿಯುತ್ತಿರಲಿಲ್ಲ. ತಂದೆಯ ನೇರ ವಂಶವನ್ನು ತೋರಿಸುವ ವೈ ವರ್ಣತಂತು ಹೆಣ್ಣುನಾಯಿಯಲ್ಲಿ ಇರುವುದಿಲ್ಲವಾದ್ದರಿಂದ ಆ ಪುಟ ರಾಣಿಯ ವರದಿಯಲ್ಲಿ ಖಾಲಿ. ಅದೇ ಸೂಲಿನ ಗಂಡುಮರಿಯನ್ನು ಪರೀಕ್ಷಿಸಿದರೆ ಉತ್ತರ ಸಿಗಬಹುದು. ಆದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದೂ ನಾಯಿಗಳಲ್ಲಿ ಸಾಧ್ಯ. ಹಾಗಾಗಿ ಅವೆರಡೂ ಪೂರ್ಣ ಒಡಹುಟ್ಟುಗಳೇ, ಅಂದರೆ ಸುಮಾರು ಅರ್ಧದಷ್ಟು ಡಿಎನ್‌ಎ ಹಂಚಿಕೊಂಡಿವೆಯೇ ಎಂದು ಮೊದಲು ನೋಡಬೇಕಾಗುತ್ತದೆ.

ಸಂಗ್ರಹಕ್ಕೆ ಹೊಸ ನಾಯಿಗಳು ಸೇರಿದಾಗ ಹಳೆಯ ವರದಿಗಳ ಲೆಕ್ಕವನ್ನು ಈ ಸೇವೆಗಳು ಮತ್ತೆ ಮಾಡುತ್ತವೆ. ಇತ್ತೀಚಿನ ಪರಿಷ್ಕರಣೆಯಲ್ಲಿ ರಾಣಿಯ ಡ್ಯಾಶ್‌ಹೌಂಡ್ ಪಾಲು ಶೇ. 12ರಿಂದ 9ಕ್ಕೆ ಇಳಿದು, ಹಳ್ಳಿನಾಯಿಯ ಪಾಲು ಅಷ್ಟೇ ಏರಿತು. ಬಣ್ಣದ ಪುಟವೂ ಎಂಡಿಆರ್1 ಸಾಲೂ ಮೊದಲು ಹೇಗಿದ್ದವೋ ಹಾಗೆಯೇ ಇವೆ.